ನೆದರ್‌ಲ್ಯಾಂಡ್ಸ್‌ನ ಜನ ‘ಡಚ್ಚರು’ ಆದದ್ದು ಹೇಗೆ?

ದೇಶದ ಹೆಸರು ನೆದರ್‌ಲ್ಯಾಂಡ್ಸ್ ಆಗಿರುವಾಗ ಅಲ್ಲಿನ ಜನರಿಗೂ ಭಾಷೆಗೂ ‘ಡಚ್’ ಎಂಬ ಹೆಸರು ಬಂದದ್ದು ಎಲ್ಲಿಂದ, ಜರ್ಮನರ ‘ಡಾಯ್ಚ್’ ಎಂಬುದನ್ನು ಇಂಗ್ಲಿಷರು ತಪ್ಪಾಗಿ ಕೇಳಿಸಿಕೊಂಡದ್ದರ ಫಲವೇ ಇದು ಎಂದು ಓದುಗರೊಬ್ಬರು ಬರೆದು ಕೇಳಿದ್ದಾರೆ.

ಮಾನ್ಯರೆ,

ಕೇಳಿಸಿಕೊಂಡದ್ದರಲ್ಲಿ ತಪ್ಪೇನೂ ಆಗಿಲ್ಲ. ಅದು ಆ ಜನ ಒಂದು ಕಾಲಕ್ಕೆ ತಮ್ಮನ್ನು ತಾವೇ ಕರೆದುಕೊಳ್ಳುತ್ತಿದ್ದ ಹೆಸರು. ಅವರು ಅದನ್ನು ಕ್ರಮೇಣ ಕೈಬಿಟ್ಟರು, ನೆರೆಯ ಇಂಗ್ಲಿಷರು ಉಳಿಸಿಕೊಂಡರು.

ಪ್ರಾಚೀನ ಜರ್ಮಾನಿಕ್ ಭಾಷೆಗಳಲ್ಲಿ ‘ಜನ’ ಎಂಬ ಅರ್ಥದ ಪದವೊಂದಿತ್ತು. ಗೋಥಿಕ್‌ನಲ್ಲಿ ಅದರ ರೂಪ ‘ಥಿಉದ’. ಅದರಿಂದ ಹುಟ್ಟಿದ ವಿಶೇಷಣಕ್ಕೆ ‘ಜನರದು’ ಎಂದರ್ಥ. ಚರ್ಚಿನ ವ್ಯವಹಾರವೂ ವಿದ್ಯೆಯೂ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಜನಸಾಮಾನ್ಯರ ಮಾತನ್ನು ಬೇರೆಯಾಗಿ ಗುರುತಿಸಲು ಅದೇ ವಿಶೇಷಣ ‘ಥಿಯೋಡಿಸ್ಕಸ್’ ಎಂಬ ಲ್ಯಾಟಿನ್ ರೂಪ ತಾಳಿತು. 786ರಲ್ಲಿ ಇಂಗ್ಲೆಂಡಿನಲ್ಲಿ ಸೇರಿದ್ದ ಧರ್ಮಸಭೆಗಳ ಬಗ್ಗೆ ಪೋಪ್ ಒಂದನೆಯ ಏಡ್ರಿಯನ್‌ಗೆ ಹೋದ ವರದಿಯಲ್ಲಿ, ನಿರ್ಣಯಗಳನ್ನು ಲ್ಯಾಟಿನ್‌ನಲ್ಲೂ ಜನರ ಮಾತಿನಲ್ಲೂ ಓದಲಾಯಿತು ಎಂದಿದೆ. ಅಲ್ಲಿ ಆ ಪದ ಸೂಚಿಸಿದ್ದು ಜರ್ಮನ್ನನ್ನೂ ಅಲ್ಲ, ಡಚ್ಚನ್ನೂ ಅಲ್ಲ, ಹಳೆಯ ಇಂಗ್ಲಿಷನ್ನು ಎಂಬುದು ನನಗೆ ಈ ಇತಿಹಾಸದಲ್ಲಿ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ; ಏಕೆಂದರೆ ಆಗಿನ್ನೂ ಅದು ಯಾವೊಂದು ಜನಾಂಗದ ಹೆಸರೂ ಆಗಿರಲಿಲ್ಲ, ನಮ್ಮ ಕಾವ್ಯಚರ್ಚೆಯಲ್ಲಿ ಮಾರ್ಗಕ್ಕೆ ಎದುರಾಗಿ ದೇಸಿ ನಿಂತಂತೆ ಲ್ಯಾಟಿನ್ನಿಗೆ ಎದುರಾಗಿ ನಿಂತ ಪದವಷ್ಟೇ ಆಗಿತ್ತು.

ಮುಂದೆ ಆ ವಿಶೇಷಣ ದಕ್ಷಿಣದಲ್ಲಿ ‘ಡಾಯ್ಚ್’ ಆಯಿತು, ಸಮುದ್ರತೀರದ ತಗ್ಗು ನಾಡುಗಳಲ್ಲಿ (ಇಂದಿನ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಸೀಮೆ) ‘ದೀತ್ಸ್’, ‘ದ್ಯೂತ್ಸ್’ ಎಂಬ ರೂಪಗಳನ್ನು ಪಡೆಯಿತು. ಆದ್ದರಿಂದ ಡಚ್ ಮತ್ತು ಡಾಯ್ಚ್ ಒಡಹುಟ್ಟಿದ ಪದಗಳು. ಒಂದು ಇನ್ನೊಂದರ ಅಪಭ್ರಂಶವಲ್ಲ. ಇಂಗ್ಲಿಷಿಗೆ ಈ ಪದ ಬಂದದ್ದು ತಗ್ಗು ನಾಡುಗಳ ರೂಪದಿಂದ. ಆದರೂ ಇಂಗ್ಲಿಷರು ಬಹುಕಾಲ ಇಂದಿನ ಜರ್ಮನರನ್ನೂ ಡಚ್ ಎಂದೇ ಕರೆಯುತ್ತಿದ್ದರು. ಬೇರ್ಪಡಿಸಿ ಹೇಳಬೇಕಾದಾಗ ಎತ್ತರದ ಸೀಮೆಯವರನ್ನು ‘ಹೈ ಡಚ್’, ತಗ್ಗಿನವರನ್ನು ‘ಲೋ ಡಚ್’ ಎನ್ನುತ್ತಿದ್ದರು. ಜರ್ಮನ್ ಸೀಮೆಗಳಿಂದ ಅಮೆರಿಕಕ್ಕೆ ವಲಸೆ ಹೋದವರ ಸಂತತಿ ‘ಪೆನ್ಸಿಲ್ವೇನಿಯಾ ಡಚ್’ ಎನಿಸಿಕೊಂಡಿರುವುದು ಆ ವಿಶಾಲ ಅರ್ಥದ ಕುರುಹು.

ಅರ್ಥ ಕಿರಿದಾದದ್ದು 17ನೆಯ ಶತಮಾನದಲ್ಲಿ. 1581ರಲ್ಲಿ ಸ್ಪೇನಿನ ದೊರೆಯನ್ನು ತಿರಸ್ಕರಿಸಿ ಗಣರಾಜ್ಯವಾದ, ತಗ್ಗು ನಾಡುಗಳ ಉತ್ತರದ ಪ್ರಾಂತ್ಯಗಳ ಸ್ವಾತಂತ್ರ್ಯಕ್ಕೆ 1648ರಲ್ಲಿ ಮನ್ನಣೆ ದೊರೆಯಿತು. ಇಂಗ್ಲಿಷರಿಗೆ ವ್ಯಾಪಾರದ ಪೈಪೋಟಿಯಿದ್ದದ್ದೂ 1652ರಿಂದ 1674ರ ನಡುವೆ ಮೂರು ಯುದ್ಧಗಳಾದದ್ದೂ ಈ ಗಣರಾಜ್ಯದೊಡನೆಯೇ. ದಿನನಿತ್ಯ ಬಾಯಲ್ಲಿದ್ದ ಹೆಸರು ಈ ನೆರೆಯವರಿಗೆ ಅಂಟಿಕೊಂಡಿತು, ಉಳಿದವರಿಗೆ ಲ್ಯಾಟಿನ್ ಮೂಲದ ‘ಜರ್ಮನ್’ ಸಾಕಾಯಿತು.

ಅತ್ತ ಆ ಜನ ತಮ್ಮ ಭಾಷೆಯನ್ನು ‘ನೆದರ್‌ದೌಟ್ಸ್’ ಎಂದೂ ‘ನೆದರ್‌ಲಾಂಡ್ಸ್’ ಎಂದೂ ಕರೆಯುತ್ತ ಬಂದು, ಕೊನೆಗೆ ಎರಡನೆಯದನ್ನೇ ಉಳಿಸಿಕೊಂಡರು. ಅವರ ಇಂದಿನ ಮಾತಿನಲ್ಲಿ ‘ದೌಟ್ಸ್’ ಎಂದರೆ ಜರ್ಮನ್. ಆದರೂ ರಾಷ್ಟ್ರಗೀತೆಯಲ್ಲಿ, ಸ್ಪೇನಿನ ವಿರುದ್ಧದ ಬಂಡಾಯದ ನಾಯಕನಾಗಿದ್ದ ಆರೆಂಜ್‌ನ ರಾಜಕುಮಾರ ವಿಲಿಯಂ ತಾನು ‘ದೌಟ್ಸ್’ ರಕ್ತದವನೆಂದು ಹೇಳಿಕೊಳ್ಳುತ್ತಾನೆ, ದಕ್ಷಿಣ ಆಫ್ರಿಕಾದ ಅವರ ಹಳೆಯ ಚರ್ಚು ಇಂದಿಗೂ ‘ನೆದರ್‌ದೌಟ್ಸ’ ಎಂಬ ಹೆಸರನ್ನೇ ಹೊತ್ತಿದೆ.

ಹಾಲೆಂಡ್ ಎಂಬುದು ಇಡೀ ದೇಶದ ಹೆಸರಲ್ಲ. ಹನ್ನೆರಡು ಪ್ರಾಂತ್ಯಗಳಲ್ಲಿ ಉತ್ತರ ಹಾಲೆಂಡ್ ಮತ್ತು ದಕ್ಷಿಣ ಹಾಲೆಂಡ್ ಎರಡು ಮಾತ್ರ. ಗಣರಾಜ್ಯದ ಕಾಲದಲ್ಲಿ ಹಣವೂ ಹಡಗುಗಳೂ ಹೆಚ್ಚಾಗಿ ಅಲ್ಲಿದ್ದುದರಿಂದ ಹೊರಗಿನವರು ಆ ಹೆಸರನ್ನೇ ದೇಶಕ್ಕೆಲ್ಲ ಅನ್ವಯಿಸಿದರು. ತಮಿಳಿನ ‘ಒಲ್ಲಾಂದರ್’, ಮರಾಠಿಯ ‘ವಲಂದೇಜ್’ ಎಂಬ ಹೆಸರುಗಳು ಹಾಲೆಂಡಿನಿಂದಲೇ, ಪೋರ್ಚುಗೀಸರ ಉಚ್ಚಾರದ ಮೂಲಕ ಬಂದವು. 17ನೆಯ ಶತಮಾನದಲ್ಲಿ ಬಸರೂರಿನಲ್ಲಿ ಅಕ್ಕಿಯ ವ್ಯಾಪಾರ ಮಾಡುತ್ತಿದ್ದ ಅದೇ ಜನ ನಮ್ಮ ಪಠ್ಯಪುಸ್ತಕಗಳಲ್ಲಿ ಡಚ್ಚರಾಗಿರುವುದು ಇಂಗ್ಲಿಷಿನಿಂದ.

ನಮ್ಮ ಪತ್ರಿಕೆಯಲ್ಲಿ ಜನರಿಗೂ ಭಾಷೆಗೂ ‘ಡಚ್’ ಎಂದೂ ದೇಶಕ್ಕೆ ‘ನೆದರ್‌ಲ್ಯಾಂಡ್ಸ್’ ಎಂದೂ ಬರೆಯುತ್ತೇವೆ. ‘ಹಾಲೆಂಡ್’ ಎಂಬುದನ್ನು ಆ ಎರಡು ಪ್ರಾಂತ್ಯಗಳಿಗೆ ಮೀಸಲಿಡುತ್ತೇವೆ.

— ಸಂಪಾದಕ