ರಾತ್ರಿ ಬರೆಯುವ ಪಾಪದ ಪಟ್ಟಿ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಕಥೋಲಿಕ ಗೃಹಿಣಿ. ತಪಸ್ಸುಕಾಲದ ಧ್ಯಾನಕೂಟದಲ್ಲಿ ಕಲಿತಂತೆ ಪ್ರತಿ ರಾತ್ರಿ ಆತ್ಮಶೋಧನೆ ಮಾಡಿ, ಕಂಡ ತಪ್ಪುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಜಪಸರದ ನಡುವೆ ಮನಸ್ಸು ಅಲೆದದ್ದು, ಪೂಜೆಗೆ ಎರಡು ನಿಮಿಷ ತಡವಾದದ್ದು, ಹಾಲಿನವನ ಮೇಲೆ ಒಳಗೊಳಗೇ ಸಿಟ್ಟಾದದ್ದು, ಆಸ್ತಿಯ ಪಾಲಿನ ವಿಚಾರದಲ್ಲಿ ತಂಗಿಯೊಡನೆ ಮಾತು ಬಿಟ್ಟದ್ದು, ಎಲ್ಲವೂ ಅದರಲ್ಲಿವೆ. ಬರೆದು ಮುಗಿಸುವಾಗ ನಡುರಾತ್ರಿ ದಾಟಿರುತ್ತದೆ. ವಾರವಾರ ಗುರುಗಳ ಬಳಿ ಪಾಪನಿವೇದನೆ ಮಾಡಿದರೂ ಏನೋ ಬಿಟ್ಟುಹೋಯಿತೆಂಬ ಭಯದಿಂದ ಎರಡು ತಿಂಗಳಿಂದ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿಲ್ಲ. ಪತಿ ಇದನ್ನೆಲ್ಲ ನಿಲ್ಲಿಸು ಎನ್ನುತ್ತಾರೆ. ನಿಲ್ಲಿಸಿದರೆ ದೇವರಿಂದ ದೂರವಾಗುವೆನೇ?

ಉತ್ತರ: ಸಹೋದರಿ, ನೋಟ್‌ಬುಕ್ಕನ್ನು ಇಂದೇ ಮುಚ್ಚಿಡಿ, ಆತ್ಮಶೋಧನೆಯನ್ನು ಮುಂದುವರಿಸಿ. ನಿಮ್ಮ ಪತಿ ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ, ನಿಮ್ಮ ಪತ್ರ ನೋಡಿದರೆ ನೀವೂ ಹಾಗೆಯೇ ತಿಳಿದಂತಿದೆ.

ನೀವು ಕಲಿತಿರುವ ಕ್ರಮ ಬಹುಮಟ್ಟಿಗೆ, ಯೇಸುಸಭೆಯನ್ನು ಸ್ಥಾಪಿಸಿದ ಸ್ಪೇನಿನ ಲೊಯೋಲದ ಸಂತ ಇಗ್ನೇಷಿಯಸ್ಸರದು. ಅವರು 1522ರಲ್ಲಿ ಮೊನ್‌ಸೆರಾಟ್ ಮಠದಲ್ಲಿ ತಮ್ಮ ಇಡೀ ಬಾಳಿನ ಪಾಪಗಳನ್ನು ಬರೆದು, ಮೂರು ದಿನ ಹಿಡಿದ ಪಾಪನಿವೇದನೆ ಮಾಡಿದವರು. ಆದರೂ ಹತ್ತಿರದ ಮನ್ರೇಸಾ ಊರಿಗೆ ಬಂದು ನೆಲೆಸಿದ ಮೇಲೆ, ಏನೋ ಉಳಿದುಹೋಗಿದೆ ಎಂಬ ಸಂಶಯ ಅವರನ್ನು ಬಿಡಲಿಲ್ಲ. ನೆನಪಿರುವುದನ್ನೆಲ್ಲ ಮತ್ತೊಮ್ಮೆ ಬರೆಯಿರಿ ಎಂದು ಒಬ್ಬ ಗುರುಗಳು ಹೇಳಿದರು, ಬರೆದರು, ಸಂಶಯ ಮರಳಿ ಬಂತು. ಒಂದು ವಾರ ಅನ್ನ ನೀರು ಬಿಟ್ಟರು, ಪ್ರಾಣ ಕಳೆದುಕೊಳ್ಳುವ ಯೋಚನೆಯ ಅಂಚಿಗೂ ಹೋದರು. ಕೊನೆಗೆ, ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿರ್ಧರಿಸಿದಾಗಲೇ ಆ ಕಾಟ ನಿಂತಿತೆಂದು ಅವರೇ ಮುಂದೆ ತಮ್ಮ ಜೀವನವೃತ್ತಾಂತದಲ್ಲಿ ಹೇಳಿಕೊಂಡಿದ್ದಾರೆ. ಪಟ್ಟಿ ಬೆಳೆದಷ್ಟೂ ನೆಮ್ಮದಿ ಹತ್ತಿರವಾಗುತ್ತದೆ ಎಂಬ ನಿಮ್ಮ ಎಣಿಕೆಯನ್ನು, ಈ ಕ್ರಮವನ್ನು ಕೊಟ್ಟವರೇ ನಡೆದು ನೋಡಿ ಕೈಬಿಟ್ಟಿದ್ದಾರೆ.

ಆ ಅನುಭವದಿಂದ ಬೆಳೆದು, 1548ರಲ್ಲಿ ಮೂರನೆಯ ಪೌಲ್ ಪೋಪರ ಅನುಮೋದನೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಆತ್ಮಶೋಧನೆಗೆ ಐದು ಹಂತಗಳಿವೆ. ಮೊದಲನೆಯದು ದೇವರು ಕೊಟ್ಟ ವರಗಳಿಗಾಗಿ ಕೃತಜ್ಞತೆ. ಎರಡನೆಯದು ತನ್ನ ಪಾಪವನ್ನು ಕಾಣುವ ಬೆಳಕಿಗಾಗಿ ಬೇಡಿಕೆ. ದಿನದ ಲೆಕ್ಕ ಬರುವುದು ಮೂರನೆಯದಾಗಿ, ಆಮೇಲೆ ಕ್ಷಮೆಯಾಚನೆ, ತಿದ್ದಿಕೊಳ್ಳುವ ಸಂಕಲ್ಪ, ಕೊನೆಗೆ ಯೇಸು ಕಲಿಸಿದ ಪರಲೋಕ ಮಂತ್ರ. ನಿಮ್ಮ ಪತ್ರದಲ್ಲಿ ಕಾಣುವುದು ಮೂರನೆಯ ಹಂತವೊಂದೇ. ಕೃತಜ್ಞತೆ ಇಲ್ಲದೆ ನೇರವಾಗಿ ತಪ್ಪಿನ ಲೆಕ್ಕಕ್ಕೆ ಕುಳಿತರೆ ಪ್ರಾರ್ಥನೆಯಲ್ಲಿ ದೇವರಿಗೆ ಜಾಗವೇ ಉಳಿಯುವುದಿಲ್ಲ. ಆರೋಪ ಹೊರಿಸುವವರೂ ತೀರ್ಪು ಕೊಡುವವರೂ ನೀವೇ ಆಗಿಬಿಡುತ್ತೀರಿ. ಗೆರೆಯ ಮೇಲೆ ಚುಕ್ಕೆ ಇಟ್ಟು ಲೆಕ್ಕವಿಡುವ ಕ್ರಮವನ್ನೂ ಇಗ್ನೇಷಿಯಸ್ಸರು ಹೇಳಿದ್ದಾರೆ ನಿಜ, ಆದರೆ ಅದು ತಿದ್ದಿಕೊಳ್ಳಲು ಆರಿಸಿದ ಒಂದೇ ಒಂದು ದೋಷಕ್ಕೆ. ಅದೇ ಕೃತಿಯಲ್ಲಿ, ದಾರಿಯಲ್ಲಿ ಶಿಲುಬೆಯಾಕಾರದಲ್ಲಿ ಬಿದ್ದಿದ್ದ ಎರಡು ಹುಲ್ಲುಕಡ್ಡಿಗಳನ್ನು ಅರಿಯದೆ ತುಳಿದು ಪಾಪ ಮಾಡಿದೆನೆಂದುಕೊಳ್ಳುವುದು ಬರಿಯ ತಪ್ಪು ತೀರ್ಮಾನ ಎಂದೂ ಅವರು ಬರೆದಿದ್ದಾರೆ. ಜಪಸರದ ನಡುವೆ ತಾನಾಗಿ ಅಲೆದ ಮನಸ್ಸನ್ನು ನೀವು ಆ ಹುಲ್ಲುಕಡ್ಡಿಗಳ ಸಾಲಿಗೇ ಸೇರಿಸಬಹುದು.

ಇನ್ನು ನಿಮಗೆ ಸ್ವಲ್ಪ ನೋವಾಗಬಹುದಾದ ಮಾತು. ಹಾಲಿನವನ ಮೇಲಿನ ಸಿಟ್ಟಿಗೂ ತಂಗಿಯೊಡನೆ ಮಾತು ಬಿಟ್ಟದ್ದಕ್ಕೂ ನಿಮ್ಮ ಪಟ್ಟಿಯಲ್ಲಿ ಒಂದೇ ತೂಕ. ಎಲ್ಲವನ್ನೂ ಸಮನಾಗಿ ಬರೆದಾಗ, ನಿಜವಾಗಿ ಎದ್ದು ಹೋಗಿ ಮಾಡಬೇಕಾದ ಕೆಲಸ ಉಳಿದವುಗಳ ನಡುವೆ ಮುಚ್ಚಿಹೋಗುತ್ತದೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನೊಡನೆ ಒಂದಾಗು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ. ಪಾಲಿನ ವಿಚಾರದಲ್ಲಿ ನ್ಯಾಯ ಯಾರ ಕಡೆಗಿದೆಯೋ ನಾನರಿಯೆ. ಅದು ತೀರ್ಮಾನವಾಗುವವರೆಗೆ ಕಾಯದೆ ಫೋನು ಮಾಡಿ, ಮಕ್ಕಳು ಹೇಗಿದ್ದಾರೆಂದಾದರೂ ಕೇಳಿ. ತಂಗಿ ಮಾತಾಡದಿದ್ದರೆ ಆ ಹೊಣೆ ನಿಮ್ಮದಲ್ಲ.

ಪರಮಪ್ರಸಾದದ ಬಗ್ಗೆ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ವಿಷಯ ಗಂಭೀರವಾಗಿರಬೇಕು, ಅದು ಪಾಪವೆಂಬ ಪೂರ್ಣ ಅರಿವಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಈ ಮೂರೂ ಕೂಡಿದರೆ ಮಾತ್ರ ಅದು ಮಾರಕ ಪಾಪ, ಅಂದರೆ ಪರಮಪ್ರಸಾದದಿಂದ ದೂರವಿಡುವಂಥ ಪಾಪ. ಎರಡು ನಿಮಿಷದ ತಡವಾಗಲಿ ಅಲೆದ ಮನಸ್ಸಾಗಲಿ ನಿಮ್ಮನ್ನು ಬಲಿಪೀಠದಿಂದ ದೂರವಿಡಲಾರವು. ತಂಗಿಯ ವಿಷಯವನ್ನು ಒಬ್ಬರೇ ಗುರುಗಳ ಬಳಿ ಒಮ್ಮೆ ಬಿಚ್ಚಿ ಹೇಳಿ, ಪರಮಪ್ರಸಾದದ ಬಗ್ಗೆ ಅವರು ಕೊಟ್ಟ ಉತ್ತರವನ್ನು ಒಪ್ಪಿಕೊಳ್ಳಿ. ಬೇರೆ ಚರ್ಚಿಗೆ ಹೋಗಿ ಮತ್ತೆ ಕೇಳುವ ಆಸೆಯಾದೀತು, ಹೋಗಬೇಡಿ. ಹೃದಯವೇ ನಮ್ಮನ್ನು ದೋಷಿಗಳೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರೆಂದು ಯೊವಾನ್ನನ ಮೊದಲ ಪತ್ರ ಹೇಳುತ್ತದೆ.

ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಕುಳಿತರೆ ಸಾಕು. ದಿನದಲ್ಲಿ ಕೃತಜ್ಞತೆ ಹುಟ್ಟಿಸಿದ ಒಂದೆರಡು ಸಂಗತಿಗಳನ್ನು ಹೆಸರಿಸಿ, ಒಂದೇ ತಪ್ಪಿಗೆ ಕ್ಷಮೆ ಕೇಳಿ, ನಾಳೆ ಮಾಡಬೇಕಾದ ಒಂದು ಕೆಲಸ ನಿಶ್ಚಯಿಸಿ ಎದ್ದುಬಿಡಿ. ಹೀಗೆ ಮೊಟಕುಗೊಳಿಸಲು ಪ್ರಯತ್ನಿಸಿದರೂ ಆಗದೆ, ತಪ್ಪುಗಳು ಮತ್ತೆಮತ್ತೆ ತಲೆಯಲ್ಲಿ ಸುತ್ತಿ ನಿದ್ದೆ ಕೆಡುತ್ತಲೇ ಇದ್ದರೆ ಮನೋವೈದ್ಯರನ್ನು ಕಾಣಿ. ಪಾಪದ ಭಯದ ರೂಪದಲ್ಲೂ ಗೀಳು ರೋಗ ಬರುವುದುಂಟು, ಅದಕ್ಕೆ ಚಿಕಿತ್ಸೆಯಿದೆ, ಅದು ವಿಶ್ವಾಸದ ಕೊರತೆಯಂತೂ ಅಲ್ಲ. ವೈದ್ಯರನ್ನು ಕಂಡ ವಿಷಯವನ್ನು ಗುರುಗಳಿಂದ ಮುಚ್ಚಿಡಬೇಡಿ. ಇಬ್ಬರೂ ಒಂದೇ ಮಾತು ಹೇಳಿದರೆ ಅದರಂತೆ ನಡೆಯುವುದು ನಿಮಗೂ ಸುಲಭ.