ಸಂಪಾದಕರ ಉತ್ತರ: ಖಾತಮಿಯವರು ಕೈಬಿಟ್ಟದ್ದು ಯಾವುದನ್ನು?

ಮಾನ್ಯರೇ,

ಇರಾನಿನ ಮಾಜಿ ಅಧ್ಯಕ್ಷ ಮೊಹಮ್ಮದ್ ಖಾತಮಿಯವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಎರಡು ಕೋಟಿ ಜನರ ಮತ ಪಡೆದವರು ಎಂಟು ವರ್ಷ ಭಾಷಣ ಮಾಡಿದ್ದು ಬಿಟ್ಟರೆ ಏನನ್ನೂ ಸಾಧಿಸಲಿಲ್ಲ, ಅಂಥವರನ್ನು ಸುಧಾರಕರೆಂದು ಕರೆದದ್ದೇ ತಪ್ಪು ಎಂಬುದು ತಮ್ಮ ಆಕ್ಷೇಪ. ಇದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ.

1992ರಲ್ಲಿ ಸಂಪ್ರದಾಯವಾದಿಗಳ ಒತ್ತಡದಿಂದ ಸಂಸ್ಕೃತಿ ಸಚಿವ ಸ್ಥಾನವನ್ನು ಬಿಟ್ಟು ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಖಾತಮಿ, 1997ರ ಮೇ 23ರಂದು, ಗೆಲುವು ಖಚಿತವೆಂದು ಎಲ್ಲರೂ ಭಾವಿಸಿದ್ದ ಸಂಸತ್ತಿನ ಸಭಾಧ್ಯಕ್ಷ ನಾತೆಕ್ ನೂರಿಯವರನ್ನು ಸುಮಾರು ಶೇ. 70ರಷ್ಟು ಮತ ಪಡೆದು ಸೋಲಿಸಿದರು. ಆದರೆ ಆ ಮತಗಳು ಅವರ ಕೈಗೆ ಕೊಟ್ಟ ಅಧಿಕಾರ ತೀರ ಸೀಮಿತವಾದದ್ದು. ಸೇನೆ, ನ್ಯಾಯಾಂಗ, ಆಕಾಶವಾಣಿ ಮತ್ತು ದೂರದರ್ಶನ ಇವೆಲ್ಲವೂ ಆಗಿನ ಸರ್ವೋಚ್ಚ ನಾಯಕ ಖಮೇನಿಯವರ ಅಧೀನದಲ್ಲಿದ್ದವು. ಸಂಸತ್ತು ಅಂಗೀಕರಿಸಿದ ಮಸೂದೆಯನ್ನು ತಿರಸ್ಕರಿಸುವ, ಚುನಾವಣೆಗೆ ಯಾರು ನಿಲ್ಲಬಹುದೆಂದು ತೀರ್ಮಾನಿಸುವ ಹಕ್ಕು ಹನ್ನೆರಡು ಸದಸ್ಯರ ಪಾಲಕರ ಮಂಡಳಿಯದು.

ಇಷ್ಟರ ನಡುವೆಯೂ ಆದದ್ದನ್ನು ‘ಏನೂ ಇಲ್ಲ’ ಎಂದು ತಳ್ಳಿಹಾಕಲಾಗದು. ಪತ್ರಿಕೆಗಳ ವಿಷಯವನ್ನೇ ನೋಡಿ. 1998ರ ಆರಂಭದಲ್ಲಿ ಹೊರಬಂದ ‘ಜಾಮೆಯೆ’ ದಿನಪತ್ರಿಕೆಯನ್ನು ಕೆಲವೇ ತಿಂಗಳಲ್ಲಿ ನ್ಯಾಯಾಲಯ ಮುಚ್ಚಿಸಿತು. ಅದೇ ಬಳಗ ‘ತೂಸ್’ ಎಂಬ ಹೆಸರಿನಲ್ಲಿ ಮತ್ತೆ ಅಚ್ಚು ಹಾಕಿತು. ಅದನ್ನೂ ಮುಚ್ಚಿಸಿದಾಗ ‘ನೆಶಾತ್’ ಬಂತು. ಮುಚ್ಚಿಸುವ ಅಧಿಕಾರ ನ್ಯಾಯಾಂಗದ್ದಾಗಿದ್ದರೆ ಹೊಸ ಪರವಾನಗಿ ಕೊಡುವ ಅಧಿಕಾರ ಖಾತಮಿಯವರ ಸಂಸ್ಕೃತಿ ಇಲಾಖೆಯ ಕೈಯಲ್ಲಿತ್ತು. ಪತ್ರಿಕೆ ನಡೆಸುವವನಾಗಿ ನಾನು ಈ ಸಂಗತಿಯನ್ನು ಲಘುವಾಗಿ ಕಾಣಲಾರೆ. 1998ರ ಕೊನೆಯಲ್ಲಿ ಸರ್ಕಾರದ ವಿರೋಧಿ ರಾಜಕಾರಣಿ ದಾರಿಯೂಶ್ ಫೊರೂಹರ್ ದಂಪತಿಗಳೂ ಕೆಲವು ಲೇಖಕರೂ ಒಬ್ಬರ ನಂತರ ಒಬ್ಬರು ಕೊಲೆಯಾದಾಗ ಖಾತಮಿ ತನಿಖೆಗೆ ಪಟ್ಟುಹಿಡಿದರು. ಮರು ಜನವರಿಯಲ್ಲಿ ಗುಪ್ತಚರ ಸಚಿವಾಲಯವೇ, ಕೊಲೆಗಾರರಲ್ಲಿ ತನ್ನ ಸಿಬ್ಬಂದಿಯೂ ಇದ್ದರೆಂದು ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಸಂವಿಧಾನದಲ್ಲಿ ಬರೆದಿದ್ದರೂ ಇಪ್ಪತ್ತು ವರ್ಷ ನಡೆಯದಿದ್ದ ನಗರ ಮತ್ತು ಗ್ರಾಮ ಮಂಡಳಿಗಳ ಚುನಾವಣೆ 1999ರ ಫೆಬ್ರವರಿಯಲ್ಲಿ ನಡೆದದ್ದೂ ಅವರ ಕಾಲದಲ್ಲಿಯೇ.

ಈಗ ತಮ್ಮ ಆಕ್ಷೇಪದಲ್ಲಿ ನಾನು ಒಪ್ಪುವ ಭಾಗಕ್ಕೆ ಬರುತ್ತೇನೆ. ಖಾತಮಿಯವರ ಆಪ್ತ ಸಲಹೆಗಾರ ಸಯೀದ್ ಹಜ್ಜಾರಿಯಾನ್ ಸುಧಾರಣೆಯ ಮಾರ್ಗವನ್ನು ‘ಕೆಳಗಿನಿಂದ ಒತ್ತಡ, ಮೇಲೆ ಚೌಕಾಸಿ’ ಎಂದು ವಿವರಿಸಿದ್ದರು. ಟೆಹರಾನ್ ನಗರ ಮಂಡಳಿಯ ಸದಸ್ಯರಾಗಿದ್ದ ಅವರ ಮುಖಕ್ಕೆ 2000ದ ಮಾರ್ಚ್‌ನಲ್ಲಿ, ಆ ಮಂಡಳಿಯ ಕಚೇರಿಯ ಎದುರಿನಲ್ಲಿಯೇ, ಹತ್ತಿರದಿಂದ ಗುಂಡು ಹಾರಿಸಲಾಯಿತು. ಜೀವ ಉಳಿದರೂ ದೇಹ ಮೊದಲಿನಂತಾಗಲಿಲ್ಲ. ಆ ಸೂತ್ರದ ಮೊದಲ ಅರ್ಧವನ್ನು ಖಾತಮಿ ಅದಕ್ಕೂ ಮೊದಲೇ ಕೈಬಿಟ್ಟಿದ್ದರೆಂಬುದು ನನ್ನ ಅಭಿಪ್ರಾಯ. 1999ರ ಜುಲೈನಲ್ಲಿ, ‘ಸಲಾಮ್’ ಪತ್ರಿಕೆಯನ್ನು ಮುಚ್ಚಿಸಿದ್ದನ್ನು ವಿರೋಧಿಸಿದ ವಿದ್ಯಾರ್ಥಿಗಳ ಹಾಸ್ಟೆಲಿಗೆ ಪೊಲೀಸರು ಮತ್ತವರ ಜೊತೆಗಿದ್ದ ಗುಂಪುಗಳು ನುಗ್ಗಿ ಥಳಿಸಿದಾಗ, ದಿನಗಟ್ಟಲೆ ಬೀದಿಯಲ್ಲಿ ನಿಂತವರು ಖಾತಮಿಯವರನ್ನು ನಂಬಿದ ಹುಡುಗರು. ಇಸ್ಲಾಮಿಕ್ ಆಡಳಿತದ ರಕ್ಷಣೆಗೆಂದೇ ಇರುವ ಕ್ರಾಂತಿಕಾರಿ ಪಡೆಯ 24 ಮಂದಿ ಸೇನಾನಿಗಳು ತಮ್ಮ ಸಹನೆ ಮುಗಿಯುತ್ತಿದೆಯೆಂದು ಅಧ್ಯಕ್ಷರಿಗೇ ಪತ್ರ ಬರೆದರು. ರಕ್ತಪಾತಕ್ಕೆ ಹೆದರಿದ ಖಾತಮಿ ಬೀದಿಯಿಂದ ದೂರ ಸರಿದರು. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿಂದ ಮುಂದೆ ಅವರ ಬಳಿ ಚೌಕಾಸಿಯೊಂದೇ ಉಳಿಯಿತು, ಎದುರಿನವರಿಗೆ ಚೌಕಾಸಿ ಮಾಡುವ ಅಗತ್ಯವೇ ಇರಲಿಲ್ಲ.

2001ರಲ್ಲಿ ಮತ್ತೆ ಭಾರಿ ಬಹುಮತದಿಂದ ಗೆದ್ದ ಮೇಲೆ, ಅಧ್ಯಕ್ಷರ ಅಧಿಕಾರವನ್ನು ಬಲಪಡಿಸುವ ಮತ್ತು ಪಾಲಕರ ಮಂಡಳಿಯ ಹಿಡಿತವನ್ನು ಸಡಿಲಿಸುವ ಎರಡು ಮಸೂದೆಗಳನ್ನು ಅವರು ಮಂಡಿಸಿದರು. 2003ರ ಗಣರಾಜ್ಯೋತ್ಸವದಂದು ಅವರು ದೆಹಲಿಯಲ್ಲಿ ನಮ್ಮ ಮುಖ್ಯ ಅತಿಥಿಯಾಗಿ ಕುಳಿತಿದ್ದಾಗ ಆ ಮಸೂದೆಗಳು ಇನ್ನೂ ತೂಗಾಡುತ್ತಿದ್ದವು. ಮುಂದೆ ಅದೇ ಪಾಲಕರ ಮಂಡಳಿ ಅವನ್ನು ತಿರಸ್ಕರಿಸಿತು. 2004ರ ಸಂಸತ್ ಚುನಾವಣೆಗೆ ಎರಡು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು, ಅವರಲ್ಲಿ ಹಾಲಿ ಸದಸ್ಯರನ್ನೂ, ಮಂಡಳಿ ಅನರ್ಹಗೊಳಿಸಿದಾಗ ಸುಧಾರಣಾವಾದಿ ಸದಸ್ಯರು ಸಂಸತ್ತಿನಲ್ಲೇ ಧರಣಿ ಕುಳಿತರು. ಆ ಚುನಾವಣೆಯನ್ನು ನಡೆಸಬೇಕಾಗಿದ್ದದ್ದು ಖಾತಮಿಯವರದೇ ಗೃಹ ಸಚಿವಾಲಯ. ನಡೆಸುವುದಿಲ್ಲವೆಂದು ಹೇಳಿ ರಾಜೀನಾಮೆ ಕೊಡುವ ಅವಕಾಶ ಅವರಿಗಿತ್ತು. ಅವರು ನಡೆಸಿದರು. ಇದನ್ನು ನಾನು ಸಮರ್ಥಿಸಲಾರೆ, ಕಳೆದ ಸಂಚಿಕೆಯ ಲೇಖನ ಈ ಪ್ರಸಂಗವನ್ನು ಎರಡು ಸಾಲಿನಲ್ಲಿ ಮುಗಿಸಿದ್ದು ನಮ್ಮ ಲೋಪ. ಅದೇ ಡಿಸೆಂಬರಿನಲ್ಲಿ ಟೆಹರಾನ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ವಿದ್ಯಾರ್ಥಿಗಳು ಅವರ ಮುಖಕ್ಕೇ ಧಿಕ್ಕಾರ ಕೂಗಿದರು.

ಒಂದು ತಿದ್ದುಪಡಿ. 2005ರ ಚುನಾವಣೆಯಲ್ಲಿ ಖಾತಮಿ ಸೋತರೆಂದು ತಾವು ಬರೆದಿದ್ದೀರಿ. ಸತತ ಮೂರನೆಯ ಅವಧಿಗೆ ಅಲ್ಲಿನ ಸಂವಿಧಾನ ಅವಕಾಶ ಕೊಡದ ಕಾರಣ ಅವರು ಸ್ಪರ್ಧಿಸಲೇ ಇಲ್ಲ. ಅಂತಿಮ ಸುತ್ತಿನಲ್ಲಿ ಸಂಪ್ರದಾಯವಾದಿ ಅಹ್ಮದಿನೆಜಾದ್ ಸೋಲಿಸಿದ್ದು ಖಾತಮಿಯವರಿಗಿಂತ ಮುಂಚೆ ಅಧ್ಯಕ್ಷರಾಗಿದ್ದ ರಫ್ಸಂಜಾನಿಯವರನ್ನು. ಆ ಒಂದು ಸಾಲನ್ನು ತಿದ್ದಿ, ತಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ ಪೂರ್ಣವಾಗಿ ಪ್ರಕಟಿಸಿದ್ದೇವೆ.

ಸಂಪಾದಕ