ಆ ಹೆಸರುಗಳು ಅವರಿಗೆ ಗೊತ್ತಿದ್ದವು

ಪ್ರಿಯ ಓದುಗರೇ,

ಹಳೆಯ ನಕ್ಷೆಗಳಲ್ಲಿ ರಾಜಕೀಯವಿದೆ ಎಂದ ಕಳೆದ ಸಂಚಿಕೆಯ ಲೇಖನ ನಿಮಗೆ ಒಪ್ಪಿಗೆಯಾಗಿಲ್ಲ. ಆಗ ಒಳ್ಳೆಯ ಉಪಕರಣ ಇರಲಿಲ್ಲ, ಗೊತ್ತಿದ್ದಷ್ಟು ಬರೆದರು, ಸುಮ್ನೆ ತಪ್ಪು ಹುಡುಕಬೇಡಿ ಎಂದಿದ್ದೀರಿ. ಈಗ ಊರುಗಳ ಹೆಸರು ಬದಲಿಸುವುದೆಂದರೆ ಇತಿಹಾಸ ಅಳಿಸಿದಂತೆ ಎಂದೂ ಬರೆದಿದ್ದೀರಿ.

ಮೊದಲ ಮಾತಿನಲ್ಲಿ ನಿಜವಿದೆ. 1798ರಲ್ಲಿ ಇಂಗ್ಲಿಷ್ ನಕ್ಷೆಗಾರ ಜೇಮ್ಸ್ ರೆನೆಲ್ ಪಶ್ಚಿಮ ಆಫ್ರಿಕಾದ ನಕ್ಷೆಯಲ್ಲಿ ಕಾಂಗ್ ಎಂಬ ಉದ್ದನೆಯ ಪರ್ವತ ಸಾಲು ಬರೆದರು. ಅಂಥ ಸಾಲೇ ಇರಲಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ನಕಲು ಮಾಡಿದರು. 1880ರ ದಶಕದ ಕೊನೆಯಲ್ಲಿ ಫ್ರೆಂಚ್ ಅಧಿಕಾರಿ ಬಿಂಜೆ ಅಲ್ಲಿಗೇ ಹೋಗಿ ಬಂದ ಮೇಲೆ ವಿಷಯ ಬಯಲಾಯಿತು. ಇದರಲ್ಲಿ ನಾನೂ ರಾಜಕೀಯ ಹುಡುಕುವುದಿಲ್ಲ.

ಫ್ರೆಂಚ್ ನಕ್ಷೆಗಾರ ದಾನ್ವಿಲ್ ಅವರ 1749ರ ಆಫ್ರಿಕಾ ನಕ್ಷೆ ಬೇರೆ ಥರದ್ದು. ಖಾತ್ರಿಯಿಲ್ಲದ್ದನ್ನೆಲ್ಲ ತೆಗೆದು ಅವರು ಒಳನಾಡನ್ನು ಖಾಲಿ ಬಿಟ್ಟರು. ಅದು ಪ್ರಾಮಾಣಿಕ ಕೆಲಸ. ಆದರೆ ಅಂಥ ಖಾಲಿ ಜಾಗವನ್ನು ಯಜಮಾನರಿಲ್ಲದ ನೆಲ ಎಂದು ಓದುವವರಿಗೂ ಅದು ಅನುಕೂಲವಾಯಿತು. 1884-85ರ ಬರ್ಲಿನ್ ಸಮ್ಮೇಳನದಲ್ಲಿ 14 ದೇಶಗಳು ಕೂತು ಆಫ್ರಿಕಾದ ಮೇಲೆ ಹಕ್ಕು ಹೂಡುವ ನಿಯಮ ಮಾಡಿಕೊಂಡವು. ಆಫ್ರಿಕಾದವರು ಒಬ್ಬರೂ ಅಲ್ಲಿರಲಿಲ್ಲ. ಸರಿಯಾಗಿ ಎಲ್ಲಿವೆ ಎಂದೇ ತಿಳಿಯದ ಬೆಟ್ಟ, ನದಿ, ಸರೋವರಗಳನ್ನು ನಾವು ನಾವೇ ಹಂಚಿಕೊಂಡೆವು ಎಂದು ಬ್ರಿಟನ್ನಿನ ಪ್ರಧಾನಿ ಸಾಲಿಸ್‌ಬರಿ ಅವರೇ ಮುಂದೆ ಹೇಳಿದರು.

ಹೆಸರಿನ ವಿಷಯಕ್ಕೆ ಬಂದರೆ 'ಗೊತ್ತಿರಲಿಲ್ಲ' ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಇಂಗ್ಲಿಷ್ ನಾವಿಕ ಜಾನ್ ಸ್ಮಿತ್ 1614ರಲ್ಲಿ ಅಮೆರಿಕದ ಈಶಾನ್ಯ ಕರಾವಳಿ ಸುತ್ತಿದರು. ಅಲ್ಲಿನ ಮೂಲನಿವಾಸಿಗಳ ಊರುಗಳ ಹೆಸರು ಕೇಳಿ ಬರೆದುಕೊಂಡರು. ಆಮೇಲೆ ಆ 'ಅನಾಗರಿಕ' ಹೆಸರುಗಳನ್ನು ತೆಗೆದು ಇಂಗ್ಲಿಷ್ ಹೆಸರು ಕೊಡಿ ಎಂದು ಇಂಗ್ಲೆಂಡಿನ ರಾಜಕುಮಾರ ಚಾರ್ಲ್ಸ್‌ಗೆ ಬೇಡಿಕೊಂಡರು. ಚಾರ್ಲ್ಸ್ ಆಗಿನ್ನೂ ಹದಿಹರೆಯದ ಹುಡುಗ, ಆ ತೀರವನ್ನು ಕಂಡವನೇ ಅಲ್ಲ. 1616ರಲ್ಲಿ ಅಚ್ಚಾದ ನಕ್ಷೆಯಲ್ಲಿ ಲಂಡನ್, ಆಕ್ಸ್‌ಫರ್ಡ್, ಪ್ಲಿಮತ್ ಎಲ್ಲ ಇವೆ. ಆ ಕರಾವಳಿಯಲ್ಲಿ ಅಂಥ ಒಂದು ಇಂಗ್ಲಿಷ್ ಊರೂ ಆಗ ಇರಲಿಲ್ಲ! ಸ್ಮಿತ್ ತಮ್ಮ ಪುಸ್ತಕದಲ್ಲಿ ಹಳೆಯ ಹೆಸರು, ಹೊಸ ಹೆಸರುಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ. ಅಂದರೆ ತಿಳಿದೇ ತೆಗೆದದ್ದು, ಅಲ್ವಾ?

ಮುಂದಿನದು ನನಗೆ ಜಾಸ್ತಿ ನೋವು ಕೊಡುವ ಭಾಗ. 1616ರಿಂದ 1619ರ ನಡುವೆ ಆ ಕರಾವಳಿಯಲ್ಲಿ ಸಾಂಕ್ರಾಮಿಕ ರೋಗ ಹರಡಿತು. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಪಟಕ್ಸೆಟ್ ಎಂಬ ಹಳ್ಳಿ ಪೂರ್ತಿ ಖಾಲಿಯಾಯಿತು. 1620ರಲ್ಲಿ ಇಂಗ್ಲಿಷ್ ವಲಸಿಗರು ಬಂದು ಅದೇ ಜಾಗದಲ್ಲಿ ನೆಲೆಸಿದರು. ಆ ಊರು ಇವತ್ತಿಗೂ ಪ್ಲಿಮತ್. ಸ್ಮಿತ್ ನಕ್ಷೆಯ ಬಹುಪಾಲು ಹೊಸ ಹೆಸರುಗಳು ಉಳಿಯಲಿಲ್ಲ, ಇದು ಉಳಿಯಿತು. ಇಂಥ ನಕ್ಷೆಯನ್ನು ಬರೀ ಭೂಗೋಳ ಎಂದು ಓದಲು ನನ್ನಿಂದ ಆಗುವುದಿಲ್ಲ.

ಇನ್ನು ಇತಿಹಾಸ ಅಳಿಸುವ ಮಾತು. ಆಸ್ಟ್ರೇಲಿಯಾದ ನಡುವೆ ಇರುವ ದೊಡ್ಡ ಕೆಂಪು ಬಂಡೆಯನ್ನು ಅಲ್ಲಿನ ಅನಂಗು ಜನ ಉಲುರು ಎನ್ನುತ್ತಾರೆ. 1873ರಲ್ಲಿ ಅನ್ವೇಷಕ ವಿಲಿಯಂ ಗಾಸ್ ಅದಕ್ಕೆ ಹೆನ್ರಿ ಏರ್ಸ್ ಎಂಬ ರಾಜಕಾರಣಿಯ ಹೆಸರಿಟ್ಟರು. 1993ರಲ್ಲಿ ಸರ್ಕಾರ ಎರಡೂ ಹೆಸರನ್ನು ಜೊತೆಗಿಟ್ಟು 'ಏರ್ಸ್ ರಾಕ್ / ಉಲುರು' ಎಂದು ದಾಖಲಿಸಿತು. 2002ರಲ್ಲಿ ಉಲುರು ಮೊದಲು ಬಂತು, ಏರ್ಸ್ ರಾಕ್ ಅದರ ಪಕ್ಕದಲ್ಲೇ ಇದೆ. ಇದರಲ್ಲಿ ಅಳಿದುಹೋದ ಇತಿಹಾಸ ಯಾವುದು, ನೀವೇ ಹೇಳಿ. ನಿಮ್ಮ ಉತ್ತರ ಬಂದರೆ ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ